‘ದಿ ಡಾರ್ಕ್ ಕ್ರಿಸ್ಟಲ್’ ಮತ್ತೆ ನೋಡುವುದು: ಹೆದರಿಕೆ ಎಲ್ಲಿಂದ ಬರುತ್ತೆ, ಗೊಂಬೆ ಹೇಗೆ ನಡೆಯುತ್ತೆ, ಮಕ್ಕಳಿಗೆ ತೋರಿಸಬಹುದಾ?

ದುರ್ಗದಗೂಬೆ (ಚಿತ್ರದುರ್ಗ)

ಚಿಕ್ಕಂದಿನಲ್ಲಿ ಈ ಸಿನಿಮಾ ನೋಡಿ ಹೆದರಿದವರು ಇಲ್ಲಿ ಸುಮಾರು ಜನ ಇದ್ದೀರಿ. ದೊಡ್ಡವರಾದ ಮೇಲೆ ಮತ್ತೆ ನೋಡಿದರೆ ಅದರಲ್ಲಿ ಏನು ಉಳಿದಿದೆ ಅಂತ ಒಂದೇ ಕಡೆ ಮಾತಾಡೋಣ.

ಗೊತ್ತಿಲ್ಲದವರಿಗೆ: ಜಿಮ್ ಹೆನ್ಸನ್, ಫ್ರ್ಯಾಂಕ್ ಆಜ್ ಇಬ್ಬರ ನಿರ್ದೇಶನ. 1982ರ ಡಿಸೆಂಬರ್‌ನಲ್ಲಿ ಬಂದದ್ದು, 93 ನಿಮಿಷ. ತೆರೆ ಮೇಲೆ ಒಬ್ಬ ಮನುಷ್ಯನ ಮುಖವೂ ಕಾಣಲ್ಲ. ಎಲ್ಲ ಗೊಂಬೆ, ಇಲ್ಲವೇ ಗೊಂಬೆಯೊಳಗೆ ಹೊಕ್ಕ ಆಳು. ಸಾವಿರ ವರ್ಷದ ಹಿಂದೆ ಒಂದು ಹರಳು ಒಡೆದಿದೆ. ಅವತ್ತೇ ಎರಡು ಕುಲ ಹುಟ್ಟಿವೆ: ಕೋಟೆಯಲ್ಲಿ ಕೂತು ಆಳುವ ಕ್ರೂರಿ ಸ್ಕೆಕ್ಸಿಸ್‌ಗಳು, ಕಣಿವೆಯಲ್ಲಿ ನಿಧಾನಕ್ಕೆ ಬದುಕುವ ಮಿಸ್ಟಿಕ್‌ಗಳು. ಮೂರು ಸೂರ್ಯರು ಒಂದೇ ಸಾಲಿಗೆ ಬರುವ ಹೊತ್ತಿಗೆ ಗೆಲ್ಫ್ಲಿಂಗ್ ಅನ್ನುವ, ಹೆಚ್ಚುಕಡಿಮೆ ಮನುಷ್ಯರಂತಿರುವ ಕುಲದ ಹುಡುಗ ಜೆನ್, ಹುಡುಗಿ ಕೀರಾ ಸೇರಿ ಕಳೆದುಹೋದ ಚೂರನ್ನು ಹರಳಿಗೆ ಕೂಡಿಸಬೇಕು.

ಈಗ ಕೆಲಸದ ಮಾತು. ಬೇಸಿಗೆ ಶಿಬಿರಕ್ಕೆ ದಾವಣಗೆರೆಯಲ್ಲಿ 9ರಿಂದ 13 ವಯಸ್ಸಿನ ಇಪ್ಪತ್ತೈದು ಮಕ್ಕಳಿಗೆ ಇದನ್ನು ತೋರಿಸಿ, ಆಮೇಲೆ ಎರಡು ದಿನ ದೊಡ್ಡ ಗೊಂಬೆ ಮಾಡಿಸುವ ಯೋಚನೆ ಇದೆ. ಯಾವ ದೃಶ್ಯಕ್ಕೆ ಮಕ್ಕಳನ್ನು ಮೊದಲೇ ಸಜ್ಜು ಮಾಡಬೇಕು? ಸಾಮಾನ್ಯ ಪ್ರೊಜೆಕ್ಟರಿನಲ್ಲಿ ಆ ಕತ್ತಲೆ ದೃಶ್ಯಗಳು ಕಾಣುತ್ತವಾ? ಸ್ಕೆಕ್ಸಿಸ್ ತರಹದ್ದನ್ನು ನಮ್ಮ ಪೇಟೆಯಲ್ಲಿ ಸಿಗುವ ಸಾಮಾನಿನಲ್ಲಿ ಮಾಡೋದು ಹೆಂಗೆ? ಗೊತ್ತಿದ್ದವರು ಬರೀರಿ.

ನೆರಳುಬೆಳಕು (ದಾವಣಗೆರೆ)

ದೃಶ್ಯಗಳ ಬಗ್ಗೆ ಮೊದಲು ಹೇಳ್ತೀನಿ. ಬಿಗಿಯಾಗಿ ಹಿಡಿಯುವ ಜಾಗ ಐದು.

ಶುರುವಲ್ಲೇ ಸ್ಕೆಕ್ಸಿಸ್ ಚಕ್ರವರ್ತಿ ಹಾಸಿಗೆಯಲ್ಲಿ ಸಾಯ್ತಾನೆ. ಮುಖ ಪುಡಿಪುಡಿಯಾಗಿ ಉದುರುತ್ತೆ. ಅದರ ಹಿಂದೆಯೇ ಪಟ್ಟಕ್ಕಾಗಿ ಇಬ್ಬರು ಕಲ್ಲಿಗೆ ಕತ್ತಿ ಬೀಸುವ ಪಂದ್ಯ. ಸೋತ ಚೇಂಬರ್ಲಿನ್ (ಆಸ್ಥಾನದ ಅಧಿಕಾರಿ ಸ್ಕೆಕ್ಸಿಸ್) ಮೈಮೇಲಿನ ಬಟ್ಟೆಯನ್ನೆಲ್ಲ ಉಳಿದವರು ಹರಿದು ಕಿತ್ತು ಆಚೆ ಅಟ್ಟುತ್ತಾರೆ. ಮೂರನೆಯದು ಪಾಡ್ಲಿಂಗ್‌ಗಳೆಂಬ ಪುಟ್ಟ ಹಳ್ಳಿಗರ ಹಾಡು ಕುಣಿತದ ನಡುವೆ ಸ್ಕೆಕ್ಸಿಸ್‌ಗಳ ಏಡಿಯಂಥ ಸೈನಿಕರಾದ ಗಾರ್ಥಿಮ್‌ಗಳು ಗೋಡೆ ಒಡೆದು ನುಗ್ಗುವುದು. ನಾಲ್ಕನೆಯದು ಹರಳಿನ ಬೆಳಕಿಗೆ ಪಾಡ್ಲಿಂಗ್ ಮುಖ ಒಡ್ಡಿ ಜೀವಸತ್ವ ಹೀರುವ ದೃಶ್ಯ. ಐದನೆಯದು ಕೊನೆಯಲ್ಲಿ ಕೀರಾಗೆ ಚೂರಿ ಬೀಳುವುದು.

ಇದರಲ್ಲಿ ಮಕ್ಕಳನ್ನು ನಿಜಕ್ಕೂ ಕಾಡುವುದು ನಾಲ್ಕನೆಯದು. ರಕ್ತ ಇಲ್ಲ, ಕೂಗಾಟ ಇಲ್ಲ. ಕಣ್ಣು ಬೆಳ್ಳಗಾಗುತ್ತೆ, ಮುಖ ಬತ್ತುತ್ತೆ, ಜೀವ ಒಂದು ಸಣ್ಣ ಸೀಸೆಗೆ ಇಳಿಯುತ್ತೆ, ಹೊಸ ಚಕ್ರವರ್ತಿ ಅದನ್ನು ಕುಡಿದು ಒಂದು ಗಳಿಗೆ ಯೌವನ ಪಡೀತಾನೆ. ಸತ್ತಿದ್ದರೆ ಮಗು ಅತ್ತು ಮುಗಿಸುತ್ತಿತ್ತು. ಆದರೆ ಆ ಪಾಡ್ಲಿಂಗ್ ಸಾಯುವುದಿಲ್ಲ, ಆಳಾಗಿ ದುಡಿಯುತ್ತಾ ಉಳಿಯುತ್ತೆ. ಅದನ್ನು ಮಗುವಿನ ಮನಸ್ಸು ಎಲ್ಲಿಡಬೇಕೋ ತಿಳಿಯದೆ ಒದ್ದಾಡುತ್ತೆ.

ಅಮೆರಿಕದಲ್ಲಿ ಇದಕ್ಕೆ ಸಿಕ್ಕಿದ್ದು ಪಿಜಿ ದರ್ಜೆ, ಅಂದರೆ ಹೆತ್ತವರ ಮಾರ್ಗದರ್ಶನದಲ್ಲಿ ಮಕ್ಕಳು ನೋಡಬಹುದು ಅಂತ. 13ರ ಕೆಳಗಿನವರ ಬಗ್ಗೆ ಎಚ್ಚರಿಸುವ ಪಿಜಿ-13 ಎಂಬ ದರ್ಜೆ ಬಂದದ್ದೇ 1984ರಲ್ಲಿ. ಹಾಗಾಗಿ ಟೀವಿಯ ತಮಾಷೆಯ ಮಪೆಟ್ ಗೊಂಬೆ ಮಾಡಿದವರ ಚಿತ್ರ ಅಂತ ನಂಬಿ ಆರು ವರ್ಷದ ಮಕ್ಕಳನ್ನೂ ಕರಕೊಂಡು ಹೋದ ತಂದೆತಾಯಿಗಳಿಗೆ ಗೊತ್ತಾದದ್ದು ದೀಪ ಆರಿದ ಮೇಲೆ. ಹೆನ್ಸನ್‌ಗೆ ಇದು ತಿಳಿಯದ ವಿಷಯವೇನಲ್ಲ. ಗ್ರಿಮ್ ಸೋದರರ ಹಳೆಯ ಕತೆಗಳ ಕತ್ತಲೆಗೆ ಮರಳಬೇಕು, ಮಕ್ಕಳು ಎಂದೂ ಹೆದರದೆ ಬೆಳೆಯುವುದು ಒಳ್ಳೆಯದಲ್ಲ ಎಂಬುದು ಆತನ ನಿಲುವು.

9ರ ಮೇಲಿನವರಿಗೆ ಧಾರಾಳವಾಗಿ ತೋರಿಸಿ. ಹಾಲನ್ನು ಪೂರ್ತಿ ಕತ್ತಲು ಮಾಡಬೇಡಿ. ಹಿಂದಿನ ಸಾಲಿನ ಬಳಿ ಒಂದು ಮಂದ ದೀಪ ಇರಲಿ, ಎದ್ದು ಹೋಗುವ ಮಗುವಿಗೆ ಬಾಗಿಲು ಕಾಣಬೇಕು. ಗೊಂಬೆಯೊಳಗೆ ಯಾರಿದ್ದರು ಅಂತ ಮೊದಲೇ ಹೇಳಿಬಿಡಬೇಡಿ, ಮುಗಿದ ಮೇಲೆ ಹೇಳಿ. ಮೊದಲೇ ಹೇಳಿದರೆ ಮಕ್ಕಳು 93 ನಿಮಿಷವೂ ದಾರ ಎಲ್ಲಿದೆ ಅಂತಲೇ ಹುಡುಕುತ್ತಾರೆ.

ತೊಗಲುಪರದೆ (ಚಳ್ಳಕೆರೆ)

ಗೊಂಬೆ ನಡೆಸೋದರ ಬಗ್ಗೆ ನಾನು ಹೇಳ್ತೀನಿ ಗೂಬೆಯಣ್ಣ.

ಸ್ಕೆಕ್ಸಿಸ್ ಒಂದಕ್ಕೆ ಮುಖ್ಯ ಆಟಗಾರ ಒಬ್ಬ ಒಳಗೆ ನಿಂತಿರ್ತಾನೆ. ಒಂದು ಕೈ ತಲೆ ಮೇಲೆ ನೆಟ್ಟಗೆ ಎತ್ತಿ ಗೊಂಬೆಯ ತಲೆಯೊಳಗೆ, ಇನ್ನೊಂದು ಕೈ ಗೊಂಬೆಯ ಎಡಗೈಗೆ. ಗೊಂಬೆಯ ಬಲಗೈಗೆ ಇನ್ನೊಬ್ಬ. ಕಣ್ಣು, ರೆಪ್ಪೆ ಇಂಥವಕ್ಕೆ ಕೇಬಲ್ ಹಿಡಿದ ಬೇರೆ ಕೈಗಳು. ಒಳಗಿರೋನಿಗೆ ಹೊರಗಿನದು ಏನೂ ಕಾಣಲ್ಲ, ಅದಕ್ಕೇ ಎದೆಗೆ ಒಂದು ಪುಟ್ಟ ಮಾನಿಟರ್ ಕಟ್ಟಿರ್ತಾರೆ, ಕ್ಯಾಮೆರಾ ಕಂಡದ್ದೇ ಅದರಲ್ಲಿ. ಚೇಂಬರ್ಲಿನ್‌ನನ್ನು ಆಡಿಸಿದ್ದು ಸ್ವತಃ ಫ್ರ್ಯಾಂಕ್ ಆಜ್, ದನಿ ಬ್ಯಾರಿ ಡೆನನ್ ಅವರದ್ದು. ಆ ಮೂಗಿನಲ್ಲಿ ಎಳೆಯೋ ‘ಹ್ಮ್ಮ್ಮ್’ ಕೇಳಿದ್ರೆ ಈಗ್ಲೂ ಬೆನ್ನು ಚುಳುಕ್ ಅನ್ನುತ್ತೆ.

ಮಿಸ್ಟಿಕ್‌ದು ಇನ್ನೂ ಕಷ್ಟ. ಕುಕ್ಕರುಗಾಲಲ್ಲಿ ಕೂತು, ಬಲಗೈ ಮುಂದಕ್ಕೆ ಚಾಚಿ, ಆ ಒಂದೇ ಕೈ ಮೇಲೆ ತಲೆಯ ಪೂರ್ತಿ ಭಾರ ಹೊತ್ತು ನಡೀಬೇಕು. ಹೆನ್ಸನ್‌ಗೇ ಅದರಲ್ಲಿ 5ರಿಂದ 10 ಸೆಕೆಂಡ್ ತಡೆಯೋಕೆ ಆಗ್ತಿದ್ದದ್ದು. ಗಾರ್ಥಿಮ್ ಉಡುಪು ಸುಮಾರು 32 ಕೆ.ಜಿ. ಐದು ಹತ್ತು ನಿಮಿಷಕ್ಕೊಮ್ಮೆ ಆಳನ್ನು ಉಡುಪಿನ ಸಮೇತ ಒಂದು ಚೌಕಟ್ಟಿಗೆ ನೇತುಹಾಕಿ ಸುಧಾರಿಸ್ಕೊಳ್ಳೋಕೆ ಬಿಡ್ತಿದ್ರು. ಉದ್ದ ಕಾಲಿನ ಲ್ಯಾಂಡ್‌ಸ್ಟ್ರೈಡರ್ ಒಳಗಿದ್ದೋರು ಕೈಗೂ ಕಾಲಿಗೂ ಮರಗಾಲು ಕಟ್ಟಿ ನಾಲ್ಕು ಕಾಲಲ್ಲಿ ನಡೆದೋರು.

ನಮ್ಮ ಕಡೆ ತೊಗಲುಗೊಂಬೆಗೆ ಹೋಲಿಸಿ ನೋಡ್ರಿ. ಸಿಳ್ಳೇಕ್ಯಾತರ ಆಟದಲ್ಲಿ ಬೆಳಕು ಚರ್ಮದ ಮೂಲಕ ಹಾದು ಬರುತ್ತೆ. ಆಡಿನ ಚರ್ಮ ಕೂದಲು ತೆಗೆದು, ಕೆರೆದು, ಎಳೆದು ಒಣಗಿಸಿ ಬೆಳಕು ಹಾಯೋ ಹಾಗೆ ಮಾಡೋದೇ ಅರ್ಧ ಕೆಲಸ. ಆಮೇಲೆ ಉಳಿಯಲ್ಲಿ ತೂತು ಹೊಡೆದರೆ ಒಡವೆ ಮಿನುಗುತ್ತೆ. ಈ ಸಿನಿಮಾದಾಗೆ ಬೆಳಕು ಸುಕ್ಕಿನ ಮೇಲೆ ಬಿದ್ದು ವಾಪಸ್ ಬರುತ್ತೆ. ದಾರಿ ಬೇರೆ, ಆದ್ರೆ ಎರಡರಲ್ಲೂ ಹೆದರಿಕೆ ಹುಟ್ಟೋದು ಒಂದೇ ಕಡೆ: ಸತ್ತ ಚರ್ಮ ಉಸಿರಾಡ್ದಂಗೆ ಕಾಣೋದು. ನಗು ಪಕ್ಕದಲ್ಲೇ ಇರೋದೂ ಒಂದೇ. ರಾವಣನ ಆರ್ಭಟ ಮುಗೀತಿದ್ದಂಗೆ ಹಾಸ್ಯದ ಗೊಂಬೆಗಳಾದ ಕಿಳ್ಳೇಕ್ಯಾತ, ಬಂಗಾರಕ್ಕ ಬಂದು ನಗಿಸ್ತಾರೆ. ಇಲ್ಲಿ ಸ್ಕೆಕ್ಸಿಸ್ ಊಟದ ದೃಶ್ಯ ನೋಡ್ರಿ, ಅಸಹ್ಯ, ಭಯ, ನಗು ಮೂರೂ ಒಂದೇ ತಟ್ಟೆಯಾಗೆ.

ಹದಡಿರಸ್ತೆ (ದಾವಣಗೆರೆ)

ಎಲ್ರೂ ಹೊಗಳ್ತಾ ಇದ್ದೀರಿ, ಒಂದು ಮಾತು ನನ್ನದೂ ಇರ್ಲಿ. ಕತೆ ಬಹಳ ತೆಳು. ಜೆನ್ ಅನ್ನೋ ನಾಯಕನಿಗೆ ಮುಖಭಾವವೇ ಇಲ್ಲ, ಮರದ ಹಲಗೆ. ಮೊದಲ ಇಪ್ಪತ್ತು ನಿಮಿಷ ನಿರೂಪಕ ಹೇಳ್ತಾನೆ, ಆಮೇಲೆ ಆಗ್ರ ಅನ್ನೋ ಒಕ್ಕಣ್ಣಿನ ಮುದುಕಿ ಹೇಳ್ತಾಳೆ, ಆಮೇಲೆ ಪಾಳು ಗೋಡೆಯಲ್ಲಿ ಬರೆದದ್ದು ಹೇಳುತ್ತೆ. ಹುಡುಗ ತಾನಾಗಿ ಕಂಡುಹಿಡಿದದ್ದು ಏನು? ಹೆದರಿಕೆ, ಚೆಲುವು ಎಲ್ಲಾ ವಿನ್ಯಾಸಗಾರ ಬ್ರಯಾನ್ ಫ್ರೌಡ್‌ಗೆ ಸೇರಬೇಕು, ಚಿತ್ರಕತೆಗಲ್ಲ.

ಸ್ಪಂಜುಕತ್ತರಿ (ದಾವಣಗೆರೆ)

ಹದಡಿರಸ್ತೆಯವರೇ, ಕತೆ ತೆಳು ಅನ್ನೋದು ಒಪ್ಪೋಣ. ಜೆನ್ ಮುಖದ ವಿಷಯದಲ್ಲಿ ಮಾತ್ರ ಕಾರಣ ಚಿತ್ರಕತೆಯಲ್ಲಿಲ್ಲ, ಸ್ಪಂಜಿನಲ್ಲಿದೆ.

ಗೊಂಬೆಯ ಮುಖ ನುಣುಪಾಗಿದ್ದಷ್ಟೂ ಸತ್ತಂತೆ ಕಾಣುತ್ತೆ. ಸುಕ್ಕಿರುವ ಮುಖ ಒಂದಿಷ್ಟು ಅಲುಗಿದರೆ ಸಾಕು, ನೂರು ಗೆರೆಗಳ ನೆರಳು ಜಾಗ ಬದಲಿಸುತ್ತೆ, ನೋಡುವವರಿಗೆ ಅದು ಭಾವನೆಯಾಗಿ ಕಾಣುತ್ತೆ. ಸ್ಕೆಕ್ಸಿಸ್ ಮುಖದಲ್ಲಿ ಕೊಕ್ಕು, ಮಡಿಕೆ, ನರ, ಗಂಟು ಎಲ್ಲ ಇವೆ. ಆಟಗಾರ ಬರೀ ಮಣಿಕಟ್ಟು ತಿರುಗಿಸಿದರೂ ಮುಖ ಕೆಲಸ ಮಾಡುತ್ತೆ. ಗೆಲ್ಫ್ಲಿಂಗ್ ಮುಖ ಮಗುವಿನ ಹಾಗೆ ನಯ. ಅಲ್ಲಿ ತುಟಿಯಂಚು ಕೂದಲೆಳೆಯಷ್ಟು ಆಚೀಚೆಯಾದರೂ ನಮ್ಮ ಕಣ್ಣು ಹಿಡಿಯುತ್ತೆ, ಯಾಕಂದ್ರೆ ಅದು ಹೆಚ್ಚುಕಡಿಮೆ ಮನುಷ್ಯನ ಮುಖ. ಅಷ್ಟು ಸೂಕ್ಷ್ಮ ಚಲನೆ ಅಷ್ಟು ಸಣ್ಣ ತಲೆಯೊಳಗೆ ಕೂರಿಸೋದು 1981ರ ಕೇಬಲ್‌ಗಳಿಗೆ ಆಗದ ಕೆಲಸ. ಜೆನ್‌ನನ್ನು ಆಡಿಸಿದ್ದು ಹೆನ್ಸನ್ನೇ. ಅಂಥ ಕೈಗೂ ಆಗಲಿಲ್ಲ ಅಂದ್ರೆ ಲೆಕ್ಕ ಹಾಕಿ. ಕೀರಾ ಸ್ವಲ್ಪ ಮೇಲು. ಕ್ಯಾಥರಿನ್ ಮುಲ್ಲೆನ್ ತಲೆಯನ್ನು ಓರೆ ಮಾಡಿ, ನೋಟ ತಡಮಾಡಿ ಮುಖದ ಕೊರತೆಯನ್ನು ಮೈಯಿಂದ ತುಂಬ್ತಾರೆ.

ದೂರದ ದೃಶ್ಯಗಳಲ್ಲಿ ಗೆಲ್ಫ್ಲಿಂಗ್ ಓಡೋದು, ಆಗ್ರ ಮುದುಕಿ ನಡೆಯೋದು ಕಾಣುತ್ತಲ್ಲ, ಅಲ್ಲಿ ಉಡುಪಿನೊಳಗೆ ಇದ್ದವರಲ್ಲಿ ಒಬ್ಬರು ಕಿರಣ್ ಶಾ. ನೈರೋಬಿಯಲ್ಲಿ ಹುಟ್ಟಿದ ಭಾರತೀಯ ಮೂಲದ ನಟ, ಸಾಹಸ ಕಲಾವಿದ. ಶಿಬಿರದ ಮಕ್ಕಳಿಗೆ ಈ ಹೆಸರು ಹೇಳಿ.

ಇನ್ನೊಂದು. ಸ್ಕೆಕ್ಸಿಸ್‌ಗೆ ಬೀಜ ಬಿದ್ದದ್ದು ಲೂಯಿಸ್ ಕ್ಯಾರಲ್ ಪದ್ಯಗಳಿಗೆ ಲಿಯೊನಾರ್ಡ್ ಲ್ಯೂಬಿನ್ ಬರೆದ ಚಿತ್ರದಿಂದ: ರೇಷ್ಮೆ, ಒಡವೆ ತೊಟ್ಟು ಅರಮನೆಯಲ್ಲಿ ವಾಸಿಸುವ ಮೊಸಳೆಗಳು. ಫ್ರೌಡ್ ಅದಕ್ಕೆ ಹದ್ದು ಬೆರೆಸಿದರು. ಆ ಹೆದರಿಕೆಯಲ್ಲಿ ಅರ್ಧ ಪಾಲು ಬಟ್ಟೆಯದ್ದು. ಒಂದರ ಮೇಲೊಂದು ಕೊಳೆತ ರೇಷ್ಮೆ, ಜರಿ, ಗರಿ. ಚೇಂಬರ್ಲಿನ್ ಬಟ್ಟೆ ಕಿತ್ತಾಗ ಒಳಗೆ ಕಾಣುವ ಆ ಬಡಕಲು ಮೈ, ಒಣಗಿದ ಎರಡು ಹೆಚ್ಚುವರಿ ಕೈ ನೋಡಿದರೆ ಪಾಪ ಅನಿಸುತ್ತೆ. ಖಳನ ಮೇಲೆ ಮಕ್ಕಳಿಗೆ ಮರುಕ ಹುಟ್ಟಿಸುವ ಧೈರ್ಯ ಎಷ್ಟು ಸಿನಿಮಾಕ್ಕಿದೆ?

ಹದಡಿರಸ್ತೆ

ಸುಕ್ಕಿನ ಮಾತು ಸರಿ ಅನಿಸ್ತು. ಆದ್ರೂ ಕತೆ ತೆಳು!

ಚಂದ್ರವಳ್ಳಿ (ಚಿತ್ರದುರ್ಗ)

ಕತೆ ತೆಳು ಅನ್ನೋರು ಮಿಸ್ಟಿಕ್ ಮತ್ತು ಸ್ಕೆಕ್ಸಿಸ್ ನಡುವಿನ ಗಂಟನ್ನು ಗಮನಿಸಿ ಮತ್ತೊಮ್ಮೆ ನೋಡಿ. ಚಿತ್ರ ಅದನ್ನು ಬಾಯಿಬಿಟ್ಟು ಹೇಳೋದು ಕೊನೆಗೆ, ಆದ್ರೆ ಶುರುವಿನಿಂದ ತೋರಿಸ್ತಾನೇ ಇರುತ್ತೆ. ಚಕ್ರವರ್ತಿ ಸಾಯುವ ಹೊತ್ತಿಗೇ ಕಣಿವೆಯಲ್ಲಿ ಮಿಸ್ಟಿಕ್‌ಗಳ ಹಿರಿಯ ಕರಗಿಹೋಗ್ತಾನೆ. ಜೆನ್ ಚೇಂಬರ್ಲಿನ್ ಕೈಗೆ ಹರಳಿನ ಚೂರು ಚುಚ್ಚಿದರೆ ದೂರದಲ್ಲಿ ನಡೀತಿರುವ ಒಬ್ಬ ಮಿಸ್ಟಿಕ್ ಕೈಯಲ್ಲಿ ಗಾಯ. ವಿಜ್ಞಾನಿ ಸ್ಕೆಕ್ಸಿಸ್ ಬೆಂಕಿಯ ಗುಂಡಿಗೆ ಬಿದ್ದರೆ ಒಬ್ಬ ಮಿಸ್ಟಿಕ್ ದಾರಿಯಲ್ಲೇ ಉರಿದು ಹೋಗ್ತಾನೆ. ಶುರುವಲ್ಲಿ ಹತ್ತು-ಹತ್ತು, ಕೊನೆಗೆ ಎಂಟು-ಎಂಟು. ಎಣಿಸಿ ನೋಡಿ.

ನಮ್ಮ ಪಂಚತಂತ್ರದ ಭಾರುಂಡ ಪಕ್ಷಿ ನೆನಪಿದೆಯಲ್ಲ? ಒಂದೇ ಒಡಲು, ಎರಡು ತಲೆ. ಒಂದು ತಲೆ ಸಿಹಿ ಹಣ್ಣು ಹಂಚಿಕೊಳ್ಳಲಿಲ್ಲ ಅಂತ ಇನ್ನೊಂದು ಸಿಟ್ಟಿಗೆ ವಿಷದ ಹಣ್ಣು ತಿಂತು, ಎರಡೂ ಸತ್ತವು. ಈ ಕತೆ ಕೇಳಿದ ಮಕ್ಕಳಿಗೆ ಚಿತ್ರದ ಒಳಗುಟ್ಟು ತಾನಾಗಿ ಹೊಳೆಯುತ್ತೆ. ಹಿಂದಿನ ದಿನ ಹೇಳಿಡಿ ಗೂಬೆಯವರೇ, ಸಿನಿಮಾಕ್ಕೂ ಅದಕ್ಕೂ ಸಂಬಂಧ ಇದೆ ಅಂತ ಮಾತ್ರ ಹೇಳಬೇಡಿ.

ಮತ್ತೆ, ಮಿಸ್ಟಿಕ್‌ಗಳು ಒಳ್ಳೆಯವರು ಅನ್ನೋದೂ ಅರೆಸತ್ಯ. ಸಾವಿರ ವರ್ಷ ಕೂತಲ್ಲೇ ಕೂತರು. ಗೆಲ್ಫ್ಲಿಂಗ್ ಕುಲ ಅಳಿಯುವಾಗಲೂ ಕದಲಲಿಲ್ಲ. ಕ್ರಿಯೆಯೆಲ್ಲ ಒಂದು ಕಡೆ, ಕರುಣೆಯೆಲ್ಲ ಇನ್ನೊಂದು ಕಡೆ ಸೋರಿಹೋದರೆ ಏನಾಗುತ್ತೆ ಅನ್ನೋದೇ ಇಲ್ಲಿನ ಭಯ. ದೊಡ್ಡವರಾಗಿ ನೋಡಿದಾಗ ಗಾರ್ಥಿಮ್‌ಗಿಂತ ಇದು ಹೆಚ್ಚು ಚುಚ್ಚುತ್ತೆ.

ನೆರಳುಬೆಳಕು

ಪ್ರೊಜೆಕ್ಟರ್ ಪ್ರಶ್ನೆ ಉಳಿದಿತ್ತು. ಅದಕ್ಕೆ ಮುಂಚೆ ಛಾಯಾಗ್ರಹಣದ ಒಂದು ವಿಷಯ, ಇದು ತಿಳಿಯದೆ ಎಲ್ಲರೂ ಟೀವಿಯನ್ನು ಹಾಳು ಮಾಡಿಟ್ಟುಕೊಂಡು ನೋಡ್ತಾರೆ.

ಛಾಯಾಗ್ರಾಹಕ ಆಸ್ವಾಲ್ಡ್ ಮಾರಿಸ್. ಇದು ಅವರ ಕೊನೆಯ ಚಿತ್ರ. ಲೈಟ್‌ಫ್ಲೆಕ್ಸ್ ಅನ್ನುವ ಸಾಧನವನ್ನು ಕ್ಯಾಮೆರಾ ಮುಂದೆ ಕೂರಿಸಿ, ದೃಶ್ಯ ಚಿತ್ರೀಕರಿಸುತ್ತಿರುವಾಗಲೇ ಬಣ್ಣದ ತೆಳು ಬೆಳಕನ್ನು ಫಿಲ್ಮಿಗೆ ಸೇರಿಸಿದರು. ಹಾಲಿಗೆ ಚಿಟಿಕೆ ಅರಿಶಿನ ಹಾಕಿದ ಹಾಗೆ. ಬೆಳಗಿದ ಭಾಗದಲ್ಲಿ ಅದು ಗೊತ್ತೇ ಆಗಲ್ಲ, ನೆರಳಿಗೆ ಮಾತ್ರ ಬಣ್ಣ ಕೂರುತ್ತೆ. ಆದ್ದರಿಂದ ಈ ಚಿತ್ರದ ಕಪ್ಪು ಎಲ್ಲೂ ಅಚ್ಚ ಕಪ್ಪಲ್ಲ. ಕೋಟೆಯೊಳಗೆ ಒಂದು ಛಾಯೆ, ಜೌಗು ಕಾಡಿನಲ್ಲಿ ಇನ್ನೊಂದು. ಟೀವಿಯ ‘ಡೈನಾಮಿಕ್ ಕಾಂಟ್ರಾಸ್ಟ್’ ಹಾಕಿದ ಕೂಡಲೇ ಯಂತ್ರ ಆ ಬಣ್ಣದ ನೆರಳನ್ನು ತಪ್ಪು ಅಂತ ತಿಳಿದು ಅಚ್ಚ ಕಪ್ಪಿಗೆ ಒತ್ತಿಬಿಡುತ್ತೆ. ಚಿತ್ರದ ಅರ್ಧ ಜೀವ ಅಲ್ಲೇ ಹೋಯ್ತು.

ಸೆಟ್ಟಿಂಗ್ ಹೀಗಿರಲಿ: ಸಿನಿಮಾ ಅಥವಾ ಫಿಲ್ಮ್‌ಮೇಕರ್ ಮೋಡ್. ಡೈನಾಮಿಕ್ ಕಾಂಟ್ರಾಸ್ಟ್ ಬಂದ್. ಚಲನೆ ನಯಗೊಳಿಸುವ ಆಯ್ಕೆ ಬಂದ್. ಸೆಕೆಂಡಿಗೆ 24 ಫ್ರೇಮಿನ ಈ ಚಿತ್ರಕ್ಕೆ ಅದು ಸುಳ್ಳು ಫ್ರೇಮ್ ತುಂಬಿದರೆ ಗೊಂಬೆ ಧಾರಾವಾಹಿ ಶೂಟಿಂಗ್‌ನಲ್ಲಿಟ್ಟ ಆಟಿಕೆಯಂತೆ ಕಾಣುತ್ತೆ. ಶಾರ್ಪ್‌ನೆಸ್ ತೀರ ಕೆಳಕ್ಕೆ. ಕೋಣೆ ಕತ್ತಲಾಗಿದ್ದರೆ ಗಾಮಾ (ನೆರಳು ಎಷ್ಟು ಗಾಢ ಇರಬೇಕು ಅನ್ನುವ ಆಯ್ಕೆ) 2.4, ಸ್ವಲ್ಪ ಬೆಳಕಿದ್ದರೆ 2.2. 2018ರಲ್ಲಿ ಬಂದ 4ಕೆ ಡಿಸ್ಕ್ ಸಿಕ್ಕರೆ ಅದೇ ಒಳ್ಳೆಯದು. ಹಳೆಯ ಡಿವಿಡಿಯಲ್ಲಿ ನೆರಳೆಲ್ಲ ಒಂದೇ ಮುದ್ದೆ.

ಪ್ರೊಜೆಕ್ಟರ್ ಲೆಕ್ಕ: ಪರದೆ 8 ಅಡಿ ಅಗಲ ಅಂದುಕೊಳ್ಳಿ. 16:9 ಆಕಾರಕ್ಕೆ ಎತ್ತರ ನಾಲ್ಕೂವರೆ ಅಡಿ, ಒಟ್ಟು 36 ಚದರಡಿ. ಚಿತ್ರಮಂದಿರದ ಅಳತೆಯ ಹೊಳಪು ಚದರಡಿಗೆ 16 ಲ್ಯೂಮೆನ್ (ಬೆಳಕಿನ ಅಳತೆ). ಅಂದರೆ ಪರದೆಗೆ ತಲುಪಬೇಕಾದದ್ದು ಸುಮಾರು 576. ದೀಪ ಹಳತಾಗಿರುತ್ತೆ, ಸಿನಿಮಾ ಮೋಡಿನಲ್ಲಿ ಹೊಳಪು ಇಳಿಯುತ್ತೆ, ಹಾಗಾಗಿ 1000ದಿಂದ 1500 ಆನ್ಸಿ (ANSI, ಪ್ರಮಾಣಿತ ವಿಧಾನದಲ್ಲಿ ಅಳೆದ) ಲ್ಯೂಮೆನ್ ಇರುವುದು ಸಾಕು. ‘ಆನ್ಸಿ’ ಅಂತ ಬರೆದಿದೆಯಾ ನೋಡಿ. ಡಬ್ಬಿಯ ಮೇಲೆ ಬರೀ 9000 ಅಂತ ಇರುವ ಅಗ್ಗದ ಎಲ್‌ಇಡಿ ಪ್ರೊಜೆಕ್ಟರುಗಳಲ್ಲಿ ನಿಜವಾದ ಬೆಳಕು ಅದರ ಸಣ್ಣ ಪಾಲು ಮಾತ್ರ.

ಚಿತ್ರ ಅಗಲ ತೆರೆಯದ್ದು, 2.35:1. 8 ಅಡಿ ಅಗಲಕ್ಕೆ ಚಿತ್ರದ ಎತ್ತರ ಸುಮಾರು 41 ಇಂಚು. ಮೇಲೆ ಕೆಳಗೆ ಆರೂವರೆ ಇಂಚಿನ ಪಟ್ಟಿ ಖಾಲಿ. ಸಾಮಾನ್ಯ ಪ್ರೊಜೆಕ್ಟರಿನಲ್ಲಿ ಆ ಪಟ್ಟಿ ಬೂದಿ ಬಣ್ಣಕ್ಕೆ ಹೊಳೆಯುತ್ತೆ. ಚೌಕಿಪೇಟೆಯಲ್ಲಿ ಹೊಳಪಿಲ್ಲದ ಕಪ್ಪು ಹತ್ತಿ ಬಟ್ಟೆ ತಂದು ಎರಡೂ ಪಟ್ಟಿ ಮುಚ್ಚಿ. ಸ್ಯಾಟಿನ್ ತರಬೇಡಿ, ಅದು ಹೊಳೆಯುತ್ತೆ. ಇಷ್ಟು ಮಾಡಿದರೆ ಪ್ರೊಜೆಕ್ಟರಿನ ಕಪ್ಪು ಎರಡು ಪಟ್ಟು ಗಾಢವಾದಂತೆ ಕಣ್ಣಿಗೆ ಅನಿಸುತ್ತೆ. ಕರೆಂಟ್ ಹೋದರೆ? ದೀಪದ ಪ್ರೊಜೆಕ್ಟರಾದರೆ ಯುಪಿಎಸ್‌ಗೆ ಜೋಡಿಸಿ. ಸಿನಿಮಾ ಮುಂದುವರಿಸೋದಕ್ಕಲ್ಲ, ಫ್ಯಾನ್ ಓಡಿ ದೀಪ ತಣ್ಣಗಾಗೋದಕ್ಕೆ.

ಮತ್ತೆ, ಮನೆಯಲ್ಲಿ ಮನೆಯವರ ಜೊತೆ ನೋಡೋದು ಬೇರೆ, ಶಿಬಿರದಲ್ಲಿ ತೋರಿಸೋದು ಬೇರೆ. ಹಕ್ಕುದಾರರಿಂದ ಪ್ರದರ್ಶನದ ಪರವಾನಗಿ ತೆಗೆದುಕೊಳ್ಳಿ.

ಬೆಣ್ಣೆಖಾಲಿ (ದಾವಣಗೆರೆ)

ಮಕ್ಕಳಿಗೆ ಇಂಗ್ಲಿಷ್ ಅರ್ಥ ಆಗುತ್ತಾ? ಕನ್ನಡ ಡಬ್ಬಿಂಗ್ ಇಲ್ದೆ 9 ವರ್ಷದೋರು ಕೂರ್ತಾರಾ?

ಚಂದ್ರವಳ್ಳಿ

ಕೂರ್ತಾರೆ. ಮೊದಲ ಕಟ್‌ನಲ್ಲಿ ಸ್ಕೆಕ್ಸಿಸ್‌ಗಳು ಇಂಗ್ಲಿಷ್ ಆಡ್ತಾನೇ ಇರಲಿಲ್ಲ, ಹುಟ್ಟುಹಾಕಿದ ತಮ್ಮದೇ ಭಾಷೆ ಆಡ್ತಿದ್ದವು. ಪರೀಕ್ಷಾ ಪ್ರದರ್ಶನದಲ್ಲಿ ಜನಕ್ಕೆ ತಲೆಬುಡ ತಿಳೀಲಿಲ್ಲ ಅಂತ ಆಮೇಲೆ ಇಂಗ್ಲಿಷ್ ಮಾತು ಕೂರಿಸಿದ್ದು. ಪಾಡ್ಲಿಂಗ್ ಮಾತಿಗೆ ಸೆರ್ಬೋ-ಕ್ರೊವೇಷಿಯನ್ ಭಾಷೆ ಆಧಾರ, ಅದು ಹಾಗೇ ಉಳಿದಿದೆ. ಅಂದರೆ ಮಾತಿಲ್ಲದೆಯೂ ನಡೆಯಬೇಕು ಅಂತಲೇ ಕಟ್ಟಿದ ದೃಶ್ಯಗಳಿವು. ಚಕ್ರವರ್ತಿಯ ಸಾವು, ಕಲ್ಲಿನ ಪಂದ್ಯ, ಊಟ ಮೂರನ್ನೂ ಸದ್ದು ನಿಲ್ಲಿಸಿ ನೋಡಿ, ಒಂದು ಎಳೆಯೂ ತಪ್ಪಲ್ಲ.

ಕೈಯಲ್ಲಿ ಮೈಕು ಹಿಡಿದ ಒಬ್ಬರು ನಿರೂಪಕನ ಭಾಗ, ಆಗ್ರ ಮುದುಕಿಯ ವಿವರಣೆ, ಪಾಳು ಗೋಡೆಯ ಭವಿಷ್ಯವಾಣಿ ಇಷ್ಟನ್ನು ಮಾತ್ರ ಕನ್ನಡದಲ್ಲಿ ಹೇಳಲಿ. ಉಳಿದ ಕಡೆ ಬಾಯಿ ಮುಚ್ಚಿಕೊಂಡಿರಲಿ. ಟ್ರೆವರ್ ಜೋನ್ಸ್ ಸಂಗೀತವನ್ನು ಲಂಡನ್ ಸಿಂಫನಿ ಆರ್ಕೆಸ್ಟ್ರಾ ನುಡಿಸಿದೆ; ಅದರ ಮೇಲೆ ಮಾತು ಸುರಿದರೆ ಪಾಪ.

ದುರ್ಗದಗೂಬೆ

ಬಹಳ ಉಪಯೋಗ ಆಯ್ತು ಎಲ್ಲರಿಂದ. ಈಗ ಗೊಂಬೆ. ಸ್ಪಂಜುಕತ್ತರಿಯವರೇ, ಎರಡು ದಿನದಲ್ಲಿ ಮುಗಿಯುವಂಥದ್ದು ಹೇಳಿ. ಐದು ಮಕ್ಕಳಿಗೆ ಒಂದು ಗೊಂಬೆಯಂತೆ ಐದು ಗೊಂಬೆ.

ಸ್ಪಂಜುಕತ್ತರಿ

ಐವರಿಗೆ ಒಂದು ಅಂದ್ರೆ ಸರಿಯಾದ ಲೆಕ್ಕ: ತಲೆ ಮತ್ತು ಎಡಗೈಗೆ ಒಬ್ಬ, ಬಲಗೈಗೆ ಒಬ್ಬ, ದನಿಗೆ ಒಬ್ಬ, ದೀಪಕ್ಕೆ ಒಬ್ಬ, ಬದಲಿ ಆಟಗಾರ ಒಬ್ಬ. ಬದಲಿ ಕಡ್ಡಾಯ. ಕೈ ಎತ್ತಿ ಹಿಡಿದ ಮಗುವಿಗೆ ಎರಡು ನಿಮಿಷದಲ್ಲಿ ರಟ್ಟೆ ಸೋಲುತ್ತೆ, ತಲೆ ಕುಗ್ಗುತ್ತೆ, ಗೊಂಬೆ ನಿದ್ದೆ ಹೋದಂತೆ ಕಾಣುತ್ತೆ.

ಮೊದಲು ಹೆಗಲ ಚೌಕಟ್ಟು ಮಾಡಿ. ಎಲ್ಲರೂ ತಲೆಯಿಂದ ಶುರು ಮಾಡಿ ಕೆಡುವುದು ಇಲ್ಲೇ. ಹಳೆಯ ಶಾಲಾ ಬ್ಯಾಗಿನ ಬೆನ್ನಿಗೆ ಮುಕ್ಕಾಲು ಇಂಚಿನ ಪಿವಿಸಿ ಪೈಪ್ ಎರಡು ನಿಲ್ಲಿಸಿ ಕಟ್ಟಿ, ಮಗುವಿನ ತಲೆಗಿಂತ ಒಂದು ಗೇಣು ಮೇಲೆ 60 ಸೆಂ.ಮೀ. ಅಡ್ಡ ಪೈಪ್ ಹಾಕಿ. ಅದೇ ಗೊಂಬೆಯ ಹೆಗಲು. ನಿಲುವಂಗಿ, ಗರಿ, ಒಡವೆ ಏನೇ ಇರಲಿ ಆ ಅಡ್ಡ ಪೈಪಿಗೆ ಜೋತುಬೀಳಬೇಕು. ಮಗುವಿನ ಕೈ ಮೇಲೆ ತಲೆಯ ಭಾರ ಮಾತ್ರ. ಆ ತಲೆ 500 ಗ್ರಾಂ ಮೀರಬಾರದು. ತಕ್ಕಡಿಯಲ್ಲಿಟ್ಟು ನೋಡಿ, ಅಂದಾಜು ಬೇಡ.

ತಲೆಗೆ 12 ಮಿ.ಮೀ. ಸ್ಪಂಜು ಹಾಳೆ, ಸೋಫಾ ಕೆಲಸದವರ ಹತ್ತಿರ ಸಿಗುತ್ತೆ. ಬಾಯಿಗೆ ಎರಡು ದಪ್ಪ ರಟ್ಟಿನ ತುಂಡು, ಹಿಂಬದಿಗೆ ಗಟ್ಟಿ ಬಟ್ಟೆ ಅಂಟಿಸಿ ಕೀಲು. ಕೊಕ್ಕು ಹಿಡಿದು ಒಟ್ಟು ಉದ್ದ 30 ಸೆಂ.ಮೀ. ಒಳಗೆ ನಾಲ್ಕು ಬೆರಳು ಮೇಲೆ, ಹೆಬ್ಬೆರಳು ಕೆಳಗೆ. ಮಾತಾಡಿಸುವಾಗ ಹೆಬ್ಬೆರಳು ಕೆಳಕ್ಕೆ ಇಳಿಯಬೇಕು. ಹೊಸಬರು ಮೇಲಿನ ನಾಲ್ಕು ಬೆರಳು ಎತ್ತುತ್ತಾರೆ, ಆಗ ಪ್ರತಿ ಮಾತಿಗೂ ಗೊಂಬೆ ಆಕಾಶ ನೋಡುತ್ತೆ.

ಸ್ಪಂಜು ಅಂಟಿಸೋಕೆ ಚಪ್ಪಲಿ, ರೆಕ್ಸಿನ್ ಕೆಲಸದಲ್ಲಿ ಬಳಸುವ ಹಳದಿ ರಬ್ಬರ್ ಅಂಟು. ಎರಡೂ ಮೈಗೆ ತೆಳ್ಳಗೆ ಸವರಿ, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಒತ್ತಬೇಕು. ಸಾಮಾನ್ಯವಾಗಿ 10-15 ನಿಮಿಷ, ಏಪ್ರಿಲ್ ಬಿಸಿಲಲ್ಲಿ ಅದರ ಅರ್ಧ. ಹಸಿ ಇದ್ದಾಗ ಒತ್ತಿದರೆ ಜಾರುತ್ತೆ, ತೀರಾ ಒಣಗಿದರೆ ಹಿಡಿಯಲ್ಲ. ಒಮ್ಮೆ ಹಿಡಿದರೆ ಸರಿಸೋಕಾಗಲ್ಲ, ಅದಕ್ಕೇ ಮೊದಲು ಪೆನ್ನಲ್ಲಿ ಗುರುತು ಹಾಕಿ. ವಾಸನೆ ತಲೆಗೇರುತ್ತೆ. ಜಗಲಿಯಲ್ಲಿ, ಗಾಳಿ ಆಡುವ ಕಡೆ, ದೊಡ್ಡವರು ಮಾಡಲಿ.

ಕಣ್ಣು: 40 ಮಿ.ಮೀ. ಪಿಂಗ್‌ಪಾಂಗ್ ಚೆಂಡು ಅರ್ಧ ಮಾಡಿ. ಪಾಪೆ ನಡುಮಧ್ಯೆ ಬರೆಯಬೇಡಿ, ಎರಡನ್ನೂ 2-3 ಮಿ.ಮೀ. ಮೂಗಿನ ಕಡೆಗೆ ಸರಿಸಿ. ಹೆನ್ಸನ್ ಗೊಂಬೆಗಳಿಗೆಲ್ಲ ಇದೇ ಗುಟ್ಟು. ನೇರ ನಡುವೆ ಇದ್ದರೆ ಗೊಂಬೆ ಎತ್ತಲೋ ನೋಡುತ್ತೆ, ಒಳಕ್ಕೆ ಸರಿದರೆ ನಿಮ್ಮನ್ನೇ ನೋಡುತ್ತೆ. ಮೇಲೆ ಬಣ್ಣವಿಲ್ಲದ ನೇಲ್ ಪಾಲಿಶ್ ಎರಡು ಪದರ. ದೀಪದ ಚುಕ್ಕಿ ಕಣ್ಣಲ್ಲಿ ಮಿಂಚದಿದ್ದರೆ ಉಳಿದ ಕೆಲಸ ಎಷ್ಟು ಚೆನ್ನಾಗಿದ್ದರೂ ಅಷ್ಟೇ.

ಸುಕ್ಕಿಗೆ: ಟಿಶ್ಯೂ ಕಾಗದ ಮುದುರಿ ಬಿಡಿಸಿ, ನೀರು ಬೆರೆಸಿದ ಫೆವಿಕಾಲಿನಲ್ಲಿ ಅದ್ದಿ ಸ್ಪಂಜಿನ ಮೇಲೆ ಕೂರಿಸಿ ಮಡಿಕೆ ಎಬ್ಬಿಸಿ. ಬಾಯಿಯ ಕೀಲಿನ ಸುತ್ತ ಎರಡು ಬೆರಳಗಲ ಬಿಡಿ, ಅಲ್ಲಿ ಹಚ್ಚಿದರೆ ಒಣಗಿ ಬಿರಿಯುತ್ತೆ. ಪೂರ್ತಿ ಒಣಗಿದ ಮೇಲೆ ಗಾಢ ಬಣ್ಣ ಬಳಿದು, ಅರೆಒಣ ಕುಂಚದಲ್ಲಿ ತಿಳಿ ಬಣ್ಣವನ್ನು ಉಬ್ಬಿನ ಮೇಲೆ ಮಾತ್ರ ಸವರಿ. ಗುಂಡಿಯಲ್ಲಿ ಕತ್ತಲು, ಏಣಿನಲ್ಲಿ ಬೆಳಕು ನಿಲ್ಲುತ್ತೆ.

ಬಟ್ಟೆಗೆ ನಮ್ಮ ಜಿಲ್ಲೆಗಳಷ್ಟು ಅನುಕೂಲ ಎಲ್ಲೂ ಇಲ್ಲ ನೋಡಿ. ಪಿಸಿದುಹೋದ ಹಳೇ ಮೊಳಕಾಲ್ಮೂರು ರೇಷ್ಮೆ ಸೀರೆಯ ಸೆರಗು, ಅಂಚು ಸಿಕ್ಕರೆ ಸ್ಕೆಕ್ಸಿಸ್‌ಗೆ ಬೇರೇನೂ ಬೇಡ. ಚಹಾ ಡಿಕಾಕ್ಷನ್‌ನಲ್ಲಿ ನೆನೆಸಿ, ಒಣಗಿಸಿ, ಅಂಚನ್ನು ತಂತಿ ಬ್ರಷ್‌ನಲ್ಲಿ ಕೆರೆದು ಎಳೆ ಬಿಡಿಸಿ. ಒಂದೇ ಬಟ್ಟೆ ದಪ್ಪಗೆ ಹೊದಿಸಬೇಡಿ, ಐದಾರು ತೆಳು ಪದರ ಹಾಕಿ. ನಡೆದಾಗ ಒಂದೊಂದು ಒಂದೊಂದು ವೇಗದಲ್ಲಿ ಅಲುಗಬೇಕು. ಮಿಸ್ಟಿಕ್ ಮಾಡುವುದಾದರೆ ಜಡೆಗೆ ಚಳ್ಳಕೆರೆ ಕಡೆಯ ಕುರಿ ಉಣ್ಣೆ.

ತೊಗಲುಪರದೆ

ಮಾನಿಟರ್ ವಿಷಯ ಸೇರಿಸ್ತೀನಿ. ಮಗುವಿನ ಎದೆಗೆ ಟ್ಯಾಬ್ ಕಟ್ಟೋದಾದ್ರೆ ಚಿತ್ರ ಕನ್ನಡಿಯಂಗೆ ತಿರುಗಿರಬಾರದು. ಫೋನಿನ ಮುಂದಿನ ಕ್ಯಾಮೆರಾ ತಾನಾಗೇ ತಿರುಗಿಸುತ್ತೆ, ಹಿಂದಿನ ಕ್ಯಾಮೆರಾ ಬಳಸ್ರಿ. ಶುರುವಲ್ಲಿ ಎಡಕ್ಕೆ ಅಂದ್ರೆ ಬಲಕ್ಕೆ ಹೋಗ್ತಾರೆ, ಅರ್ಧ ಗಂಟೆ ಅಭ್ಯಾಸಕ್ಕೆ ಕೈ ಕೂರುತ್ತೆ. ವೈಫೈ ಮೇಲೆ ಚಿತ್ರ ಕಳಿಸಿದ್ರೆ ತಡ ಆಗುತ್ತೆ, ಆಟಗಾರ ತಡವಾದ ಚಿತ್ರ ನೋಡಿ ಕೈ ತಿದ್ದೋಕೆ ಹೋಗಿ ತೊನೆದಾಡ್ತಾನೆ. ಕೇಬಲ್ ಹಾಕ್ರಿ.

ದೀಪ ಹಿಡಿಯೋ ಮಗುವಿಗೆ: ಎದುರಿಂದ ಬಿಡಬ್ಯಾಡ, ಪಕ್ಕದಿಂದ, ಸ್ವಲ್ಪ ಕೆಳಗಿಂದ. ಎದುರು ಬೆಳಕು ಸುಕ್ಕೆಲ್ಲ ನುಂಗುತ್ತೆ.

ಬೆಣ್ಣೆಖಾಲಿ

ಟಿಶ್ಯೂ ಯಾಕೆ, ನಿಜವಾದ ಫೋಮ್ ಲ್ಯಾಟೆಕ್ಸ್ (ನೊರೆ ಬರಿಸಿ ಬೇಯಿಸಿದ ರಬ್ಬರ್) ಮಾಡ್ಬಾರ್ದಾ? ಆ ಸಿನಿಮಾದಲ್ಲಿ ಅದೇ ಅಲ್ವಾ?

ಸ್ಪಂಜುಕತ್ತರಿ

ಅದೇ. ಆದ್ರೆ ಮಕ್ಕಳ ಶಿಬಿರಕ್ಕೆ ಅಲ್ಲ. ಸಾಮಾನ್ಯ ಅಳತೆ: ಲ್ಯಾಟೆಕ್ಸ್ 150 ಗ್ರಾಂ, ನೊರೆ ಬರಿಸುವುದು 30, ಬೇಯುವಾಗ ರಬ್ಬರನ್ನು ಪಕ್ವಗೊಳಿಸುವ, ಗಂಧಕ ಇರುವ ದ್ರಾವಣ 15, ಗಟ್ಟಿಯಾಗಿಸುವುದು 14. ಮೊದಲ ಮೂರನ್ನು ಮಿಕ್ಸರಿನಲ್ಲಿ ಕಡೆದು ನೊರೆ ಉಬ್ಬಿಸಿ, ವೇಗ ಇಳಿಸಿ ದೊಡ್ಡ ಗುಳ್ಳೆ ಒಡೆಸಿ, ಕೊನೆಗೆ ನಾಲ್ಕನೆಯದು. ಜಿಪ್ಸಂ ಅಚ್ಚಿಗೆ ತುಂಬಿ, ಗಟ್ಟಿಯಾದ ಮೇಲೆ ಸುಮಾರು 85 ಡಿಗ್ರಿಯಲ್ಲಿ ಮೂರು ನಾಲ್ಕು ಗಂಟೆ ಬೇಯಿಸಬೇಕು. ಅಡುಗೆಯ ಓವನ್ ಬಳಸಲೇಬಾರದು, ಹೊಗೆ ವಿಷ.

ದಾವಣಗೆರೆಯ ಬೇಸಿಗೆಯಲ್ಲಿ ಇದು ಕೆಡುವುದು ನಾಲ್ಕನೆಯ ಹಂತದಲ್ಲಿ. ಕೋಣೆ 35 ದಾಟಿದರೆ ಅಚ್ಚಿಗೆ ತುಂಬುವ ಮೊದಲೇ ಪಾತ್ರೆಯಲ್ಲೇ ಗಟ್ಟಿಯಾಗಿ ಕೂರುತ್ತೆ. ಬೆಳಗಿನ ಜಾವ ಮಾಡಬೇಕು, ಲ್ಯಾಟೆಕ್ಸ್ ಮೊದಲೇ ತಂಪು ಮಾಡಬೇಕು, ಗಟ್ಟಿಕಾರಕ ಒಂದೆರಡು ಗ್ರಾಂ ಕಡಿಮೆ ಹಾಕಬೇಕು. ತಾಮ್ರ, ಹಿತ್ತಾಳೆ ಪಾತ್ರೆ ಹತ್ತಿರ ತರಬೇಡಿ, ರಬ್ಬರ್ ಕೆಡುತ್ತೆ. ಲ್ಯಾಟೆಕ್ಸ್ ಅಲರ್ಜಿ ಇರುವವರೂ ಇರ್ತಾರೆ.

ಇಷ್ಟೆಲ್ಲ ಮಾಡಿದರೂ ಆಯುಷ್ಯ ಕಡಿಮೆ. ಬಿಸಿಲು, ಬಿಸಿ, ಗಾಳಿಯ ಓಝೋನ್ ತಾಗಿ ಒಣಗಿ ಉದುರುತ್ತೆ. ಹೆನ್ಸನ್ ಗೊಂಬೆಗಳ ದೊಡ್ಡ ಸಂಗ್ರಹ ಅಟ್ಲಾಂಟಾದ ಸೆಂಟರ್ ಫಾರ್ ಪಪೆಟ್ರಿ ಆರ್ಟ್ಸ್‌ನಲ್ಲಿದೆ. ಇಂಥ ಗೊಂಬೆ ಇಟ್ಟುಕೊಳ್ಳುವವರಿಗೆ ಈ ಉದುರುವಿಕೆಯೇ ದೊಡ್ಡ ತಲೆನೋವು.

ಹದಡಿರಸ್ತೆ

2019ರ ಸರಣಿ ‘ಏಜ್ ಆಫ್ ರೆಸಿಸ್ಟೆನ್ಸ್’ ಬಗ್ಗೆ ಯಾರೂ ಬರೀಲಿಲ್ಲ. ಹತ್ತು ಕಂತು, ಲೂಯಿ ಲೆಟೆರಿಯೆ ನಿರ್ದೇಶನ. ಅದರಲ್ಲಿ ಕತೆ ದಪ್ಪವಾಗೇ ಇದೆ. ಒಂದೇ ಸೀಸನ್‌ಗೆ ನಿಲ್ಲಿಸಿದ್ರು.

ಚಂದ್ರವಳ್ಳಿ

ಹೌದು, ಗೆಲ್ಫ್ಲಿಂಗ್ ಮುಖಗಳೂ ಅಲ್ಲಿ ಮೇಲು. ಮಕ್ಕಳಿಗೆ ಚಿತ್ರ ಮೊದಲು, ಸರಣಿ ಆಮೇಲೆ. ಸರಣಿ ಹಿಂದಿನ ಕಾಲದ ಕತೆ. ಅದನ್ನು ಮೊದಲು ನೋಡಿದರೆ ಆ ಜನಾಂಗಕ್ಕೆ ಏನಾಯಿತು ಅನ್ನುವ ಚಿತ್ರದ ಗುಟ್ಟು ಹೋಗುತ್ತೆ.

ದುರ್ಗದಗೂಬೆ

ಕೊನೆಯ ಪ್ರಶ್ನೆ. ಮುಗಿದ ಗೊಂಬೆಗಳನ್ನು ನಮ್ಮ ಚಿತ್ರದುರ್ಗದ ಕೋಟೆಯ ಬಂಡೆಗಳ ನಡುವೆ ನಿಲ್ಲಿಸಿ ಚಿತ್ರೀಕರಿಸಬೇಕು ಅಂತ ಆಸೆ.

ನೆರಳುಬೆಳಕು

ಕೋಟೆ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ, ಟ್ರೈಪಾಡ್, ದೀಪ ಒಯ್ಯೋದಕ್ಕೆ ಮುಂಚೆಯೇ ಅನುಮತಿ ಕೇಳಿ. ಸಿಗದಿದ್ದರೆ ಊರ ಹೊರಗಿನ ಯಾವುದಾದರೂ ಬಂಡೆಗುಡ್ಡ, ಜಮೀನಿನವರನ್ನು ಕೇಳಿಕೊಂಡು. ಸೂರ್ಯ ಹುಟ್ಟಿದ ಮೊದಲ ಮುಕ್ಕಾಲು ಗಂಟೆಯೊಳಗೆ ಮುಗಿಸಿ. ಅಡ್ಡ ಬೆಳಕಿಗೆ ಕಲ್ಲೂ ಸುಕ್ಕೂ ಎರಡೂ ಏಳುತ್ತವೆ, ಒಂಬತ್ತರ ಮೇಲೆ ಎರಡೂ ಚಪ್ಪಟೆ. ಕ್ಯಾಮೆರಾ ಗೊಂಬೆಯ ಸೊಂಟದ ಎತ್ತರಕ್ಕೆ ಇಡಿ. ಆಗ ಆಳೆತ್ತರದ ಗೊಂಬೆ ಆಕಾಶಕ್ಕೆ ತಾಗುತ್ತೆ, ಕೆಳಗಿನ ಮಗುವಿನ ಚಪ್ಪಲಿ ಚೌಕಟ್ಟಿನಿಂದ ಆಚೆ ಉಳಿಯುತ್ತೆ.

ತೊಗಲುಪರದೆ

ಅಲ್ಲಿ ಗಾಳಿ ಜೋರು ಗೂಬೆಯಣ್ಣ. ನಿಲುವಂಗಿಯ ಕೆಳ ಅಂಚಿನೊಳಗೆ ಮರಳು ತುಂಬಿದ ತೆಳು ಚೀಲ ಹೊಲಿಸ್ರಿ, ಇಲ್ಲಾಂದ್ರೆ ಬಟ್ಟೆ ಹಾರಿ ಒಳಗಿನ ಶಾಲಾ ಬ್ಯಾಗು ಕಾಣುತ್ತೆ. ಬಂಡೆ ಇಳಿಜಾರಲ್ಲಿ ಗೊಂಬೆ ಹೊತ್ತ ಮಗುವಿನ ಪಕ್ಕ ಒಬ್ಬ ದೊಡ್ಡೋರು ಇರಲೇಬೇಕು, ಅವರಿಗೆ ಕಾಲ ಕೆಳಗೆ ಕಾಣೋದಿಲ್ಲ.